ಮೂರು ರಿಜಿಸ್ಟರಿನ ಮೂಕಾಂಬಿಕಾ

ನನಗೆ ಸಿಟ್ಟು ಬೇಗ ಬರುತ್ತದೆ. ಮೂವತ್ತೊಂದು ವರ್ಷ ಸರ್ಕಾರದ ನರ್ಸಾಗಿ ಹಳ್ಳಿ ತಿರುಗಿದವಳಿಗೆ ಸಿಟ್ಟು ಬಾರದೆ ಇನ್ನೇನು ಬರಬೇಕು? ಚುಚ್ಚುಮದ್ದು ಅಂದ ಕೂಡಲೇ ಮಗುವನ್ನು ದನದ ಹಟ್ಟಿಯಲ್ಲಿ ಅಡಗಿಸುವ ತಾಯಂದಿರು, ಜ್ವರದ ಮಾತ್ರೆಯನ್ನು ಅರ್ಧ ತಾವು ನುಂಗಿ ಅರ್ಧ ಗಂಡನಿಗೆ ಕೊಡುವ ಹೆಂಗಸರು, ಇವರ ಮಧ್ಯೆ ನಗುತ್ತಾ ಇರಲು ನಾನೇನು ಕ್ಯಾಲೆಂಡರಿನ ದೇವಿಯಲ್ಲ. ಆದರೆ ನನ್ನ ಮೇಲೆಯೇ ನನಗೆ ಸಿಟ್ಟು ಬಂದದ್ದು ಒಂದೇ ಸಲ. ೧೯೮೫ರ ಮೇ ತಿಂಗಳಲ್ಲಿ, ಮೂಡುಬಿದಿರೆಯ ಒಂದು ಮನೆಯ ಬಚ್ಚಲಿನ ಹಿಂದೆ. ಆ ಕಥೆಯನ್ನು ಹೋಳಿಗೆಯಿಂದಲೇ ಸುರು ಮಾಡಬೇಕು.

ಮೂಡುಬಿದಿರೆಯ ಶಿವಸುಬ್ರಹ್ಮಣ್ಯ ಭಟ್ಟರು ಮದುವೆ ಅಡುಗೆಯವರು. ಅವರ ಸಾರು ಪರವಾಗಿಲ್ಲ, ಪಾಯಸವೂ ಪರವಾಗಿಲ್ಲ. ಜನ ಅವರನ್ನು ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಕರೆಸುತ್ತಿದ್ದದ್ದು ಹೋಳಿಗೆಗಾಗಿ, ಆ ಹೋಳಿಗೆ ಮಾಡುತ್ತಿದ್ದದ್ದು ಅವರ ಹೆಂಡತಿ ಮೂಕಾಂಬಿಕಾ. ಬಾಳೆ ಎಲೆಯ ಮೇಲೆ ಬಿದ್ದರೆ ಎಲೆಯ ಹಸಿರು ಕಾಣುವಷ್ಟು ತೆಳು. ಐದು ತಿಂದವರು ಆರನೆಯದಕ್ಕೆ ಬೇಡ ಬೇಡ ಎನ್ನುತ್ತಲೇ ಎಲೆಗೆ ಅಡ್ಡ ಹಿಡಿದ ಕೈಯನ್ನು ಹಿಂದೆ ತೆಗೆಯುತ್ತಿದ್ದರು. ಕೃಶ ಹೆಂಗಸು, ಮಾತು ಕಡಿಮೆ. ಆದರೆ ಲಟ್ಟಣಿಗೆ ಕೈಗೆ ಬಂದರೆ ಆಕೆಯ ಮುಖ ನೋಡಬೇಕಿತ್ತು.

ತೊಂದರೆ ಒಂದೇ. ತಿಂಗಳ ಮೂರು ದಿನ ಹೆಂಗಸು ಹೊರಗೆ ಕೂರಬೇಕು. ಅಡುಗೆಮನೆಯ ಹೊಸ್ತಿಲು ಕೂಡ ಮುಟ್ಟುವ ಹಾಗಿಲ್ಲ. ಮೂಕಾಂಬಿಕಾ ಹೊರಗೆ ಕೂತ ದಿನ ಮದುವೆ ಬಿದ್ದರೆ ಹೋಳಿಗೆ ಬೇರೆಯವರ ಕೈಗೆ ಹೋಗುತ್ತಿತ್ತು. ೧೯೮೦ರಲ್ಲಿ ಬೆಳ್ತಂಗಡಿಯ ಒಂದು ದೊಡ್ಡ ಮದುವೆಗೆ ಹೋದವಳು ಅಲ್ಲಿ ತಲುಪಿದ ಮೇಲೆ ಹೊರಗಾದಳು. ಸೌದೆ ಕೊಟ್ಟಿಗೆಯ ಬದಿಯಲ್ಲಿ ಕೂತು, "ಈ ಸಲ ಭಟ್ಟರ ಹೋಳಿಗೆ ಚಪಾತಿಯ ಹಾಗೆ ಉಂಟು" ಎಂದು ಉಂಡವರು ಕೈ ತೊಳೆಯುತ್ತಾ ಹೇಳುವುದನ್ನು ಕೇಳಿದಳು. ಭಟ್ಟರು ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ. ಅವಳೇ ಬೇಕೆಂದು ಮಾಡಿದಳೋ ಎಂಬ ಹಾಗೆ!

ಮಾರನೇ ವಾರ ಅವಳು ನನ್ನಲ್ಲಿಗೆ ಬಂದಳು. ಆಗ ನಾನು ಮೂಡುಬಿದಿರೆಯ ಹತ್ತಿರದ ಉಪಕೇಂದ್ರದಲ್ಲಿದ್ದೆ.

"ಸರಸಕ್ಕ, ಮುಟ್ಟು ಮುಂದೆ ಹಾಕುವ ಗುಳಿಗೆ ಉಂಟಂತೆ ನಿಮ್ಮಲ್ಲಿ."

"ಅದು ಮುಂದೆ ಹಾಕಲಿಕ್ಕಲ್ಲ ಮಾರಾಯ್ತಿ. ಮಕ್ಕಳಾಗದ ಹಾಗೆ ಮಾಡ್ಲಿಕ್ಕೆ."

ಅವಳಿಗೆ ಆಗ ಒಬ್ಬಳೇ ಮಗಳು, ಪರಮೇಶ್ವರಿ, ಆರು ವರ್ಷದವಳು. ಅವಳ ನಂತರ ಎರಡು ಬಸಿರು ಇಳಿದು ಹೋಗಿತ್ತು, ಎರಡನೇ ಸಲ ರಕ್ತ ಹೋದ ರಭಸ ನಾನೇ ಕಂಡಿದ್ದೆ. ಮನೆಯಲ್ಲಿ ಅತ್ತೆ ಅನ್ನಪೂರ್ಣೇಶ್ವರಿ ಗಂಡು ಮಗುವಿಗಾಗಿ ಹೊತ್ತ ಹರಕೆಗೆ ಲೆಕ್ಕವಿಲ್ಲ.

"ಅದೂ ಆಗ್ಲಿ," ಎಂದಳು. "ಆದ್ರೆ ಇವರಿಗೆ ಗೊತ್ತಾಗುವುದು ಬೇಡ."

ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ, ಬಿಪಿ ನೋಡಿಸಿ, ಪ್ಯಾಕೆಟ್ಟು ಕೊಟ್ಟೆ. ಬಿಳಿ ಗುಳಿಗೆ ಇಪ್ಪತ್ತೊಂದು, ಕಂದು ಗುಳಿಗೆ ಏಳು. ಬಿಳಿಯದು ಔಷಧ, ಕಂದಿನದ್ದು ಬರೀ ಕಬ್ಬಿಣದ ಅಂಶ, ರಕ್ತಕ್ಕೆ ಒಳ್ಳೆಯದು. ಕಂದು ನುಂಗುವ ವಾರದಲ್ಲಿ ಮುಟ್ಟು ಬರುತ್ತದೆ, ಆ ವಾರ ಮದುವೆ ಇಲ್ಲದ ಹಾಗೆ ನೋಡಿಕೋ ಎಂದು ಎರಡೆರಡು ಸಲ ಹೇಳಿದೆ. ಅವಳು ತಲೆ ಆಡಿಸಿದಳು.

ಇಲ್ಲಿ ನನ್ನ ಪಾಲಿನ ಸತ್ಯವನ್ನೂ ಹೇಳುತ್ತೇನೆ. ನನ್ನ ರಿಜಿಸ್ಟರಿನಲ್ಲಿ 'ಗುಳಿಗೆ ಬಳಸುವವರು' ಎಂಬ ಪುಟ ಖಾಲಿ ಬಿದ್ದಿತ್ತು. ಪ್ರತಿ ತಿಂಗಳ ಮೀಟಿಂಗಿನಲ್ಲಿ ಅದಕ್ಕಾಗಿ ನನ್ನನ್ನು ನಿಲ್ಲಿಸಿ ಬೈಯುತ್ತಿದ್ದರು. ತಾನಾಗಿ ಬಂದು ಗುಳಿಗೆ ಕೇಳಿದ ಮೊದಲ ಹೆಂಗಸು ಮೂಕಾಂಬಿಕಾ. ಅವಳ ಹೆಸರು ಬರೆಯುವಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಎರಡು ವರ್ಷದ ಮೇಲೆ ನನಗೆ ಬಂಟ್ವಾಳದಾಚೆಯ ಮಾಣಿ ಎಂಬ ಊರಿಗೆ ವರ್ಗವಾಯಿತು. ಮೂಡುಬಿದಿರೆಗೆ ಪೂವಮ್ಮ ಎಂಬ ನರ್ಸು ಬಂದರು. ಮದುವೆಯ ಸೀಸನಿನಲ್ಲಿ ಭಟ್ಟರ ಪಾತ್ರೆ ಪಡಗ ನಮ್ಮ ಕಡೆ ಬಂದಾಗೆಲ್ಲ ಮೂಕಾಂಬಿಕಾ ಉಪಕೇಂದ್ರಕ್ಕೆ ಬಂದು ಹೋಗುತ್ತಿದ್ದಳು. "ಪ್ಯಾಕೆಟ್ಟು ಮನೆಯಲ್ಲಿ ಮರೆತು ಬಂದೆ ಸರಸಕ್ಕ, ಒಂದು ಕೊಡಿ." ಕೊಡುತ್ತಿದ್ದೆ. ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ.

ಇನ್ನು ೧೯೮೫ರ ಮೇ. ಬಂಟ್ವಾಳದಲ್ಲಿ ಹೆಡ್‌ಮಾಸ್ಟರ್ ವೆಂಕಟೇಶ್ವರ ರಾಯರ ಹಿರಿಯ ಮಗಳ ಮದುವೆ. ನನಗೂ ಕಾಗದ ಬಂದಿತ್ತು. ಬೆಳ್ತಂಗಡಿಯ ಡಾಕ್ಟರ್ ನಿತ್ಯಾನಂದ ಹೆಗ್ಡೆಯವರೂ ಬಂದಿದ್ದರು, ರಾಯರ ಹಳೆಯ ಶಿಷ್ಯರಾಗಿ. ಧಾರೆ ಮುಗಿದು ಎಲೆ ಹಾಕುವ ಹೊತ್ತಿಗೆ ಒಳಗಿನಿಂದ ಯಾರೋ "ನರ್ಸ್ ಬಂದಿದ್ದಾರಾ? ನರ್ಸ್!" ಎಂದು ಕೂಗಿದರು. ಬ್ರಾಹ್ಮಣರ ಮದುವೆಯ ಅಡುಗೆಮನೆಗೆ ನನ್ನಂಥವಳನ್ನು ಯಾರೂ ಕರೆಯುವುದಿಲ್ಲ. ಆ ದಿನ ಕೈ ಹಿಡಿದೇ ಎಳೆದುಕೊಂಡು ಹೋದರು.

ಮೂಕಾಂಬಿಕಾ ಹೋಳಿಗೆ ಮಣೆಯ ಬದಿಯಲ್ಲಿ ಮುದುಡಿ ಕೂತಿದ್ದಳು. ಬಲ ಪಕ್ಕೆಯ ಕೆಳಗೆ ಕೈ ಒತ್ತಿ ಹಿಡಿದಿದ್ದಳು, ಮುಖದಲ್ಲಿ ಬೆವರು ನೀರಾಗಿ ಇಳಿಯುತ್ತಿತ್ತು. ಸುತ್ತ ನಿಂತ ಹೆಂಗಸರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. "ಹೊಟ್ಟೆ ಮುಂದೆ ಬಂದದ್ದು ನಾವು ಆಗಲೇ ನೋಡಿದ್ದೇವೆ. ಈ ಸಲ ಗಂಡೇ!" ಭಟ್ಟರು ಸೌಟು ಹಿಡಿದುಕೊಂಡು ನಿಂತಿದ್ದರು, ಹೆದರಿಕೆಯಲ್ಲೂ ಅವರ ಮುಖದಲ್ಲಿ ಒಂದು ಆಸೆ ಕಾಣುತ್ತಿತ್ತು. ಗುಳಿಗೆ ಕೊಡುತ್ತಿದ್ದವಳು ನಾನು, ಅದು ಬಸಿರಲ್ಲ ಎಂದು ನನಗೆ ಗೊತ್ತಿತ್ತು.

ಡಾಕ್ಟರ್ ಹೆಗ್ಡೆಯವರು ಬಂದು ಚಾಪೆಯ ಮೇಲೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು. ಅವರ ಬೆರಳು ಪಕ್ಕೆಯ ಕೆಳಗೆ ಒಂದು ಕಡೆ ನಿಂತಿತು, ಮತ್ತೆ ಅಲ್ಲಿಗೇ ಹೋಯಿತು. "ಬಸಿರಲ್ಲ ಭಟ್ರೇ," ಎಂದರು ಮೆಲ್ಲನೆ. "ಲಿವರಿನಲ್ಲಿ ಎಂತದೋ ಉಂಟು. ನಾಳೆಯೇ ಮಂಗಳೂರಿಗೆ ಹೋಗುವ."

ಮಂಗಳೂರಿನ ಆಸ್ಪತ್ರೆಗೆ ಸ್ಕ್ಯಾನಿಂಗ್ ಮೆಷಿನ್ ಆಗಷ್ಟೇ ಬಂದಿತ್ತು. ಭಟ್ಟರಿಗೆ ಆಸ್ಪತ್ರೆ ಎಂದರೆ ಕೈಕಾಲು ನಡುಕ, ಆದ್ದರಿಂದ ನಾನು ರಜೆ ಹಾಕಿ ಜೊತೆಗೆ ಹೋದೆ. ಹೊಟ್ಟೆಗೆ ತಣ್ಣಗಿನ ಜೆಲ್ಲಿ ಹಚ್ಚಿ, ಒಂದು ಹಿಡಿಕೆಯನ್ನು ಆಚೆ ಈಚೆ ಉಜ್ಜಿದರೆ ಚಿಕ್ಕ ಟಿವಿಯಲ್ಲಿ ಬೂದಿ ಬಣ್ಣದ ಚಿತ್ರ ಬರುತ್ತಿತ್ತು. ನನಗೆ ಏನೂ ತಿಳಿಯಲಿಲ್ಲ. ದೊಡ್ಡ ಡಾಕ್ಟರಿಗೆ ತಿಳಿಯಿತು.

"ಲಿವರಿನಲ್ಲಿ ಗೆಡ್ಡೆ ಉಂಟು. ಎಂಟು ಸೆಂಟಿಮೀಟರ್, ಒಂದು ದೊಡ್ಡ ಮೂಸಂಬಿಯಷ್ಟು."

"ಕ್ಯಾನ್ಸರಾ?" ಭಟ್ಟರ ದನಿ ಅರ್ಧಕ್ಕೇ ಒಡೆಯಿತು.

"ಹಾಗೆ ಕಾಣುವುದಿಲ್ಲ. ಕೆಟ್ಟ ಗೆಡ್ಡೆ ಅಲ್ಲ. ಆದರೆ ಕೆಟ್ಟದಲ್ಲ ಎಂದು ಸುಮ್ಮನೆ ಬಿಡುವಂಥದ್ದೂ ಅಲ್ಲ. ಒಳಗೇ ಒಡೆದರೆ ಒಂದು ಗಂಟೆಯಲ್ಲಿ ಪ್ರಾಣ ಹೋದೀತು. ಸೂಜಿ ಹಾಕಿ ಸ್ವಲ್ಪ ತೆಗೆದು ನೋಡುವ ಎಂದರೆ ಅದರಲ್ಲೂ ರಕ್ತ ಹೋಗುವ ಭಯ ಉಂಟು. ಮದ್ರಾಸಿನಲ್ಲಿ ತೆಗೆಸುವುದು ಒಳ್ಳೆಯದು. ಲಿವರಿನ ಬಲಭಾಗ ಹೆಚ್ಚುಕಡಿಮೆ ಪೂರ್ತಿ ತೆಗೆಯಬೇಕಾದೀತು."

"ಬದುಕ್ತಾಳಾ?"

"ಹತ್ತರಲ್ಲಿ ಒಂಬತ್ತು ಮಂದಿ ಬದುಕ್ತಾರೆ."

ಭಟ್ಟರು ಮಡಿಲಲ್ಲಿ ತಮ್ಮ ಹತ್ತು ಬೆರಳುಗಳನ್ನು ಬಿಡಿಸಿಟ್ಟು ಹತ್ತನೆಯದನ್ನೇ ನೋಡುತ್ತಾ ಕೂತರು. ಡಾಕ್ಟರು ಮೂಕಾಂಬಿಕಾಳನ್ನು ಕೇಳಿದರು: "ಯಾವುದಾದರೂ ಔಷಧ, ಮಾತ್ರೆ ತೆಗೆದುಕೊಳ್ತೀರಾ?"

"ಇಲ್ಲ," ಎಂದಳು ಅವಳು.

ನಾನು ಅವಳ ಬದಿಯಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಗಂಡನೆದುರು ಅವಳ ಗುಟ್ಟು ಒಡೆಯುವುದು ಬೇಡ ಎಂದುಕೊಂಡೆ. ಆ ಗುಳಿಗೆಗೂ ಲಿವರಿಗೂ ಯಾವ ಸಂಬಂಧ ಎಂಬುದು ನನಗೆ ಆಗ ಗೊತ್ತೂ ಇರಲಿಲ್ಲ. ಜೂನ್ ಹತ್ತಕ್ಕೆ ಮದ್ರಾಸಿನಲ್ಲಿ ಆಪರೇಶನ್ ಎಂದು ನಿಗದಿಯಾಯಿತು.

ಹೊರಡಲು ಎರಡು ವಾರವಿದ್ದಾಗ ಬಟ್ಟೆ ಬರೆ ಕಟ್ಟಲು ಸಹಾಯ ಮಾಡುವ ಎಂದು ಮೂಡುಬಿದಿರೆಗೆ ಹೋದೆ. ಮೂಕಾಂಬಿಕಾ ಮಗಳ ಲಂಗಗಳಿಗೆಲ್ಲ ಮುಂದಿನ ಎರಡು ವರ್ಷಕ್ಕೆ ಆಗುವಂತೆ ಅಂಚು ಬಿಚ್ಚಿ ಹೊಲಿಯುತ್ತಿದ್ದಳು. ತಾನು ಬಾರದೆ ಹೋದರೆ ಎಂಬ ಲೆಕ್ಕ ಅದು. ನನಗೆ ನೋಡಲಾಗದೆ ಮುಖ ತೊಳೆಯಲು ಬಚ್ಚಲಿನ ಹಿಂದೆ ಹೋದೆ.

ಅಲ್ಲಿ ಒಂದು ಕರಿಬೇವಿನ ಗಿಡ. ನನ್ನ ತಲೆಗಿಂತ ಎತ್ತರ, ಎಲೆ ಕಡು ಹಸಿರು. ಅದರ ಬುಡದಲ್ಲಿ ಮಣ್ಣಿನ ಜೊತೆ ಏನೋ ಕಂದು ಕಂದಾಗಿ ಕಾಣಿಸಿತು. ಕುಕ್ಕರಗಾಲಲ್ಲಿ ಕೂತು ಕೆದಕಿದೆ. ಗುಳಿಗೆ. ಕೆಲವು ಕರಗಿ ತುಕ್ಕಿನ ಹಾಗೆ ಮಣ್ಣಿಗೆ ಅಂಟಿದ್ದವು, ಕೆಲವು ಇನ್ನೂ ಗುಂಡಗೆ ಇದ್ದವು. ನಾನು ಕೊಟ್ಟ ಪ್ಯಾಕೆಟ್ಟಿನ ಕಂದು ಗುಳಿಗೆಗಳು! ಒಂದೆರಡಲ್ಲ, ನೂರಾರು.

"ಮೂಕಾಂಬಿಕಾ!" ಎಂದು ಕೂಗಿದೆ. ಅವಳು ಸೂಜಿ ಹಿಡಿದುಕೊಂಡೇ ಓಡಿ ಬಂದಳು.

"ಇದು ಎಂತ?"

"ಕಬ್ಬಿಣ ಅಂದಿರಲ್ಲ ನೀವು. ಗಿಡಕ್ಕೆ ಒಳ್ಳೆಯದಾಗ್ತದೆ ಎಂದು ಹಾಕಿದೆ. ಕರಿಬೇವು ಹೇಗೆ ಬಂದಿದೆ ನೋಡಿ."

"ಇದು ನುಂಗದಿದ್ದರೆ ಆ ಏಳು ದಿನ ನೀನು ಎಂತ ನುಂಗಿದ್ದು?"

"ಇನ್ನೊಂದು ಪ್ಯಾಕೆಟ್ಟಿನ ಬಿಳಿ."

"ಎಷ್ಟು ಸಮಯದಿಂದ?"

"ಸುರುವಿನಿಂದ. ಐದು ವರ್ಷ ಆಯ್ತು, ನಾನು ಒಂದು ಸಲವೂ ಹೊರಗಾದದ್ದಿಲ್ಲ. ಅತ್ತೆಗೆ ಸಂಶಯ ಬಾರದ ಹಾಗೆ ಮದುವೆ ಇಲ್ಲದ ದಿನ ನೋಡಿ ಸುಳ್ಳೇ ಹೊರಗೆ ಕೂತದ್ದು." ಆ ಮಾತಿನಲ್ಲಿ ಒಂದು ಹೆಮ್ಮೆ ಇತ್ತು, ದೇವರಾಣೆ. "ಸೀಸನಿನಲ್ಲಿ ದಿನಕ್ಕೆ ಎರಡು ತೆಗೆದುಕೊಳ್ತೇನೆ. ಧೈರ್ಯಕ್ಕೆ. ಮದುವೆ ದಿನವೇ ಕೈ ಕೊಟ್ಟರೆ?"

"ಅಷ್ಟು ಪ್ಯಾಕೆಟ್ಟು ನಿನಗೆ ಯಾರು ಕೊಟ್ಟದ್ದು? ತಿಂಗಳಿಗೆ ಒಂದೇ ಅಲ್ವಾ?"

"ಇಲ್ಲಿ ಪೂವಮ್ಮ ಒಂದು ಕೊಡ್ತಾರೆ. ಬೆಳ್ತಂಗಡಿಯಲ್ಲಿ ನರ್ಸ್ ಕಾಂತಿ ಒಂದು. ಮಾಣಿಯಲ್ಲಿ ನೀವು. ಯಾರೂ ಬೇಡ ಅನ್ನಲಿಲ್ಲ ಸರಸಕ್ಕ. ಎಲ್ಲರೂ ಖುಷಿಯಲ್ಲಿ ಹೆಸರು ಬರಕೊಂಡ್ರಿ."

ಮೂರು ರಿಜಿಸ್ಟರು, ಮೂವರು ಹೆಂಗಸರು, ಮೂರು ಟಾರ್ಗೆಟ್ಟು. ಹುಡುಕಿದರೆ ಒಬ್ಬಳೇ ಮೂಕಾಂಬಿಕಾ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಅವಳಿಗೆ ಚೆನ್ನಾಗಿ ಬೈದೆ, ಮತ್ತೆ ನನಗೆ ಬೈದುಕೊಂಡೆ, ಮುಖವನ್ನು ತೊಳೆಯದೆಯೇ ಬಸ್ಸು ಹತ್ತಿದೆ.

ಬೆಳ್ತಂಗಡಿಯಲ್ಲಿ ಡಾಕ್ಟರ್ ಹೆಗ್ಡೆಯವರ ಕ್ಲಿನಿಕ್ಕಿನಲ್ಲಿ ರೋಗಿಗಳ ಸಾಲು ಇತ್ತು. ಸಾಲು ದಾಟಿ ಒಳಗೆ ನುಗ್ಗಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟರು.

"ಸರಸಮ್ಮ, ಈ ಗುಳಿಗೆಯಿಂದ ಲಿವರಿನಲ್ಲಿ ಗೆಡ್ಡೆ ಆಗುವುದು ಉಂಟು. ಬಹಳ ಅಪರೂಪ. ನಾನು ಪುಸ್ತಕದಲ್ಲಿ ಓದಿದ್ದು ಮಾತ್ರ, ಕಂಡದ್ದಿಲ್ಲ."

ಅವರು ಮಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿದರು. ಮುಕ್ಕಾಲು ಗಂಟೆಯ ಮೇಲೆ ಲೈನು ಸಿಕ್ಕಿತು. ಆಚೆಯಿಂದ ದೊಡ್ಡ ಡಾಕ್ಟರು ಏನು ಹೇಳುತ್ತಿದ್ದಾರೆಂದು ಕೇಳುತ್ತಿರಲಿಲ್ಲ. ಹೆಗ್ಡೆಯವರು ಮಾತ್ರ "ಹೌದು ಸಾರ್, ಐದು ವರ್ಷ... ಡಬ್ಬಲ್ ಡೋಸ್ ಸಾರ್" ಎನ್ನುತ್ತಿದ್ದರು. ಫೋನು ಇಟ್ಟು ನನ್ನತ್ತ ತಿರುಗಿದಾಗ ಅವರ ಕಣ್ಣು ಹೊಳೆಯುತ್ತಿತ್ತು.

"ಗುಳಿಗೆ ಇವತ್ತೇ ನಿಲ್ಲಿಸಬೇಕು. ಮದ್ರಾಸು ಮೂರು ತಿಂಗಳು ಮುಂದೆ ಹೋಗ್ಲಿ. ಇಂಥ ಗೆಡ್ಡೆ ಕೆಲವು ಸಲ ಗುಳಿಗೆ ನಿಂತರೆ ತಾನಾಗಿ ಚಿಕ್ಕದಾಗ್ತದಂತೆ. ಆಗಲೇಬೇಕು ಎಂದಿಲ್ಲ. ಆದರೆ ಕತ್ತಿ ಇಲ್ಲದ ದಾರಿ ಒಂದು ಇರುವಾಗ ಅದನ್ನು ಮೊದಲು ನೋಡುವ ಎಂದ್ರು."

"ಅಷ್ಟರೊಳಗೆ ಒಡೆದರೆ?"

"ನೋವು ಜಾಸ್ತಿಯಾದರೆ ಗಳಿಗೆ ತಡಮಾಡದೆ ಮಂಗಳೂರಿಗೆ ಓಡಬೇಕು. ತೊಡೆಯ ರಕ್ತನಾಳದಿಂದ ಸಪೂರ ನಳಿಗೆ ಹಾಕಿ ಲಿವರಿನ ಒಳಗೇ ರಕ್ತ ನಿಲ್ಲಿಸುವುದನ್ನು ಬೊಂಬಾಯಿಯಲ್ಲಿ ಕೆಲವರು ಮಾಡ್ತಾರಂತೆ. ನಮ್ಮಲ್ಲಿ ಅದೆಲ್ಲ ಬರಲಿಕ್ಕೆ ಇನ್ನೂ ಸಮಯ ಉಂಟು. ನಮಗೆ ಈಗ ಉಳಿದದ್ದು ಜಾಗ್ರತೆ. ಭಾರ ಎತ್ತಬಾರದು. ಮತ್ತೆ, ಬಸುರಿ ಆಗಲೇಬಾರದು. ಬಸಿರಿನಲ್ಲಿ ಈ ಗೆಡ್ಡೆ ಬೆಳೆಯುತ್ತದೆ. ಹಾಗಾಗಿ ಗಂಡನಿಗೆ ಹೇಳದೆ ಆಗುವುದಿಲ್ಲ."

ಮೂಕಾಂಬಿಕಾಳಿಗೆ ಇದನ್ನು ಹೇಳಿದಾಗ ಅವಳು ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆಗೆ ಒರಗಿ, "ಹೊಟ್ಟೆ ಕೊಯ್ಸಿಕೊಳ್ತೇನೆ ಸರಸಕ್ಕ," ಎಂದಳು. "ಇವರಿಗೆ ಹೇಳುವುದು ಬೇಡ."

"ಹುಚ್ಚಾ ನಿನಗೆ? ಲಿವರ್ ಕಡಿಯುವುದೆಂದರೆ ಹಲಸಿನಕಾಯಿ ಕಡಿದ ಹಾಗಾ?"

"ಐದು ವರ್ಷ ಅತ್ತೆ ಹರಕೆ ಹೊತ್ತಿದ್ದಾರೆ. ಇವರು ಪ್ರತಿ ಸಂಕ್ರಾಂತಿಗೆ ಉಪವಾಸ ಮಾಡಿದ್ದಾರೆ. ನಾನು ಬದಿಯಲ್ಲಿ ಕೂತು ಗುಳಿಗೆ ನುಂಗಿದ್ದೇನೆ. ಹೇಗೆ ಹೇಳಲಿ ನಾನು?"

"ಮಗಳ ಲಂಗದ ಅಂಚು ಬಿಚ್ಚಿ ಸಾವಿಗೆ ತಯಾರಾದವಳಿಗೆ ಇದು ಹೇಳಲಿಕ್ಕೆ ಕಷ್ಟವಾ?" ಎಂದೆ. ಅದು ತುಸು ಕ್ರೂರ ಮಾತು, ಈಗಲೂ ಹಾಗೆ ಅನ್ನಿಸುತ್ತದೆ. ಆದರೆ ಅವಳು ಎದ್ದಳು.

ಭಟ್ಟರು ಜಗಲಿಯಲ್ಲಿ ಕೂತು ಮಾರನೇ ದಿನದ ಅಡುಗೆಗೆ ಕುಂಬಳಕಾಯಿ ಹೆಚ್ಚುತ್ತಿದ್ದರು. ಮೂಕಾಂಬಿಕಾ ಅವರೆದುರು ನಿಂತು, ನೆಲ ನೋಡುತ್ತಾ, ಒಂದೂ ಬಿಡದೆ ಹೇಳಿದಳು. ನಾನು ಬಾಗಿಲ ಬದಿಯಲ್ಲಿದ್ದೆ. ಭಟ್ಟರು ಮಧ್ಯದಲ್ಲಿ ಒಂದೇ ಸಲ "ಐದು ವರ್ಷವಾ?" ಎಂದರು. ಆಮೇಲೆ ಮೆಟ್ಟುಕತ್ತಿಯನ್ನು ಮಡಚಿ, ಹೆಗಲಿಗೆ ಬೈರಾಸು ಹಾಕಿಕೊಂಡು, ಯಾರನ್ನೂ ನೋಡದೆ ರಸ್ತೆಗೆ ಇಳಿದು ಹೋದರು. ಒಳಗಿನಿಂದ ಅತ್ತೆ ಅಳುವುದು ಕೇಳುತ್ತಿತ್ತು.

ಮೂಕಾಂಬಿಕಾ ಕುಂಬಳಕಾಯಿಯ ಮುಂದೆ ಕೂತಳು. ಅರ್ಧಕ್ಕೆ ಬಿಟ್ಟ ಹೋಳುಗಳನ್ನು ತಾನೇ ಹೆಚ್ಚಿ ಮುಗಿಸಿದಳು. ನಾನು ಹೊರಡುವುದೋ ಇರುವುದೋ ತಿಳಿಯದೆ ಅಲ್ಲೇ ಇದ್ದೆ.

ದೀಪ ಹಚ್ಚುವ ಹೊತ್ತಿಗೆ ಭಟ್ಟರು ವಾಪಸು ಬಂದರು. ಕಾಲೆಲ್ಲ ಧೂಳು, ಎಷ್ಟು ದೂರ ನಡೆದರೋ. ಮೆಟ್ಟಿಲಲ್ಲೇ ಕೂತು ಕೇಳಿದರು:

"ಆ ಬೆಳ್ತಂಗಡಿ ಮದುವೆಯ ಮೇಲೆ ನಾನು ಎರಡು ದಿನ ನಿನ್ನಲ್ಲಿ ಮಾತಾಡಲಿಲ್ಲ. ಅಲ್ವಾ?"

"ಹೌದು."

"ಗುಳಿಗೆ ಸುರು ಮಾಡಿದ್ದು ಯಾವಾಗ?"

"ಅದರ ಮಾರನೇ ವಾರ."

ಭಟ್ಟರು ಬೈರಾಸಿನಿಂದ ಮುಖ ಒರೆಸಿಕೊಂಡರು. ಆ ಒರೆಸುವುದು ಬೇಗ ಮುಗಿಯಲಿಲ್ಲ. "ಹಾಗಾದರೆ ಗುಳಿಗೆ ಕೊಟ್ಟದ್ದು ಈ ಸರಸಮ್ಮ ಅಲ್ಲ," ಎಂದರು. "ನಾನು."

ನನಗೆ ಭಟ್ಟರ ಮೇಲೆ ಐದು ವರ್ಷದ ಸಿಟ್ಟು ಇತ್ತು. ಅದು ಆ ಮೆಟ್ಟಿಲಲ್ಲೇ ಇಳಿದು ಹೋಯಿತು. ಅತ್ತೆಯದು ಮಾತ್ರ ಇಳಿಯಲಿಲ್ಲ. ಅವರು ಮಳೆಗಾಲ ಮುಗಿಯುವವರೆಗೆ ನನ್ನೊಡನೆ ಮಾತಾಡಲಿಲ್ಲ, ನನಗೆ ಕುಡಿಯಲಿಕ್ಕೆ ನೀರು ತಂದಿಟ್ಟರೂ ಲೋಟ ಕುಕ್ಕಿ ಇಡುತ್ತಿದ್ದರು.

ಮುಂದಿನ ಕೆಲಸ ನನ್ನದಾಯಿತು. ಬಸಿರು ನಿಲ್ಲದ ಹಾಗೆ ಭಟ್ಟರೇ ಜಾಗ್ರತೆ ಮಾಡಬೇಕಿತ್ತು. ಸರ್ಕಾರದ ನಿರೋಧ್ ಪೊಟ್ಟಣವನ್ನು ಪೇಪರಿನಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ. ಸಾವಿರ ಜನರಿಗೆ ಅನ್ನ ಬಸಿಯುವ ಮನುಷ್ಯ ಕೆಂಡ ಹಿಡಿದವರ ಹಾಗೆ ಅದನ್ನು ಹಿಡಿದುಕೊಂಡರು. "ಇದು... ಹೇಗೆ?" ಎಂದರು. ನಾನು ಹೇಳಿದೆ. ಹೇಳಿ ಮುಗಿಯುವಷ್ಟರಲ್ಲಿ ಭಟ್ಟರು ಕಿವಿಯವರೆಗೆ ಕೆಂಪಾಗಿದ್ದರು. ನನಗೆ ಮಾತ್ರ ಆ ದಿನ ಬಹಳ ದಿನದ ಮೇಲೆ ಹೊಟ್ಟೆ ತುಂಬ ನಗು ಬಂತು.

ಗುಳಿಗೆ ನಿಲ್ಲಿಸಿದ ನಾಲ್ಕನೇ ದಿನಕ್ಕೇ ಮುಟ್ಟು ಬಂತು, ಅದೂ ಮೆಲ್ಕಾರಿನಲ್ಲಿ ಮದುವೆಯ ದಿನ. ಮೂಕಾಂಬಿಕಾ ಹಿತ್ತಿಲ ಚಪ್ಪರದಲ್ಲಿ ಕೂತಳು. ಒಳಗೆ ಭಟ್ಟರು ಲಟ್ಟಣಿಗೆ ಹಿಡಿದರು. ಅವಳು ಕಿಟಕಿಯ ಆಚೆಯಿಂದ, "ಕಣಕಕ್ಕೆ ಎಣ್ಣೆ ಸಾಲದು! ಒತ್ತಬೇಡಿ, ಸವರಿ!" ಎಂದು ಕೂಗುತ್ತಿದ್ದಳು. ಹೋಳಿಗೆ ಅಂಚಿನಲ್ಲಿ ಒಡೆದು ಹೂರಣ ಹೊರಗೆ ಬಂತು. "ಇದು ಹೋಳಿಗೆಯಾ, ಹಪ್ಪಳವಾ?" ಎಂದು ಮಹಾಲಿಂಗೇಶ್ವರ ಜೋಯಿಸರು ಪಂಕ್ತಿಯಲ್ಲೇ ಕೇಳಿದರು. "ಇವತ್ತು ಇದು ಹೋಳಿಗೆ," ಎಂದರು ಭಟ್ಟರು, ಇನ್ನೊಂದು ಬಡಿಸಿದರು. ಮನೆಗೆ ಬರುವಾಗ ಬಸ್ಸಿನಲ್ಲಿ ಅವರು ಹೆಂಡತಿಯೊಡನೆ ದಾರಿಯುದ್ದಕ್ಕೂ ಮಾತಾಡಿದರಂತೆ.

ಆಫೀಸಿನಲ್ಲಿ ನನ್ನ ತಪ್ಪನ್ನು ನಾನೇ ಒಪ್ಪಿಸಿದೆ. ಪೂವಮ್ಮನನ್ನೂ ಕಾಂತಿಯನ್ನೂ ಕೂರಿಸಿಕೊಂಡು ಮೂರು ರಿಜಿಸ್ಟರನ್ನು ಒಟ್ಟಿಗಿಟ್ಟು ಮೂಕಾಂಬಿಕಾಳ ಹೆಸರನ್ನು ಮೂರರಲ್ಲೂ ಹೊಡೆದೆವು. ಮೀಟಿಂಗಿನಲ್ಲಿ ಸಿಕ್ಕಿದ ಬೈಗುಳಕ್ಕೆ ಕಡಿಮೆ ಇರಲಿಲ್ಲ, ಸಿಕ್ಕಬೇಕಾದದ್ದೇ. ಆಮೇಲೆ ಗುಳಿಗೆ ನುಂಗುವ ಒಬ್ಬೊಬ್ಬಳ ಮನೆಗೂ ಹೋಗಿ, "ಕಂದು ಗುಳಿಗೆ ಎಂತ ಮಾಡ್ತಿ?" ಎಂದು ಕೇಳಿದೆವು. ಇನ್ನಿಬ್ಬರು ಸಿಕ್ಕಿದರು. ಒಬ್ಬಳು ಕೋಳಿಗೆ ಹಾಕುತ್ತಿದ್ದಳು.

ಆ ಮೂರು ತಿಂಗಳು ನಮಗೆ ಸಮಾಧಾನವಿರಲಿಲ್ಲ. ಅವಳು ಕೆಮ್ಮಿದರೂ ಭಟ್ಟರು ಎದ್ದು ನಿಲ್ಲುತ್ತಿದ್ದರು. ಕೊಡಪಾನ ಮುಟ್ಟಲು ಬಿಡುತ್ತಿರಲಿಲ್ಲ, ಬಾವಿಯಿಂದ ನೀರು ಸೇದುವುದು ಅವರೇ. ಜುಲೈಯಲ್ಲಿ ಒಂದು ಬೆಳಿಗ್ಗೆ ಹೊಟ್ಟೆನೋವು ಬಂತೆಂದು ಅಬ್ದುಲ್ ಮಜೀದರ ಟ್ಯಾಕ್ಸಿಯಲ್ಲಿ ಜಡಿಮಳೆಗೆ ಮಂಗಳೂರಿಗೆ ಧಾವಿಸಿದರು. ದಾರಿಯುದ್ದಕ್ಕೂ ಭಟ್ಟರು ದೇವರ ಹೆಸರು ಹೇಳಿದರೆ, ಮಜೀದರು ಹಾರ್ನಿನಿಂದ ಕೈ ತೆಗೆಯದೆ ಓಡಿಸಿದರು. ಆಸ್ಪತ್ರೆಯಲ್ಲಿ ನೋಡಿದರೆ ಗೆಡ್ಡೆ ಭದ್ರವಾಗಿತ್ತು. ಹಿಂದಿನ ದಿನ ತಿಂದ ಹಲಸಿನ ಹಣ್ಣಿನ ಗಾಳಿ ಅದು. ಮಜೀದರು ಆ ಕಥೆಯನ್ನು ಟ್ಯಾಕ್ಸಿ ಸ್ಟಾಂಡಿನಲ್ಲಿ ವರ್ಷಗಟ್ಟಲೆ ಹೇಳಿದರು.

ಸೆಪ್ಟೆಂಬರಿನಲ್ಲಿ ಎರಡನೇ ಸ್ಕ್ಯಾನು. ದೊಡ್ಡ ಡಾಕ್ಟರು ಹಿಡಿಕೆಯನ್ನು ಒಂದೇ ಕಡೆ ಎಷ್ಟೋ ಹೊತ್ತು ಉಜ್ಜಿದರು. ಅಳೆದರು, ಮತ್ತೊಮ್ಮೆ ಅಳೆದರು. ಮೂಕಾಂಬಿಕಾ ನನ್ನ ಕೈ ಹಿಡಿದುಕೊಂಡಿದ್ದಳು, ಅವಳ ಉಗುರು ನನ್ನ ಅಂಗೈಗೆ ಇಳಿಯಿತು.

"ಐದು," ಎಂದರು ಡಾಕ್ಟರು. "ಎಂಟು ಇದ್ದದ್ದು ಐದಾಗಿದೆ."

ಅವಳಿಗೆ ಸೆಂಟಿಮೀಟರಿನ ಲೆಕ್ಕ ತಿಳಿಯದು. ನನ್ನ ಮುಖ ನೋಡಿ ತಿಳಿದುಕೊಂಡಳು. ಹೊಟ್ಟೆಯ ಮೇಲಿನ ಜೆಲ್ಲಿಯನ್ನೂ ಒರೆಸಿಕೊಳ್ಳದೆ ಎದ್ದು ಕೂತು ಗಳಗಳನೆ ಅತ್ತಳು. ಐದು ವರ್ಷದಲ್ಲಿ ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಮದ್ರಾಸಿನ ಕಾಗದವನ್ನು ಡಾಕ್ಟರು ಫೈಲಿನ ತಳಕ್ಕೆ ಹಾಕಿದರು.

೧೯೮೬ರ ಮಾರ್ಚಿನಲ್ಲಿ ಅದು ಒಂದು ಲಿಂಬೆಗಿಂತ ಚಿಕ್ಕದಾಗಿತ್ತು. "ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು. ಆ ಗುಳಿಗೆಯನ್ನು ಜನ್ಮದಲ್ಲಿ ಮುಟ್ಟಬೇಡಿ," ಎಂದರು ಡಾಕ್ಟರು. ಹೊಟ್ಟೆಗೆ ಒಂದು ಸೂಜಿಯ ಗಾಯವೂ ಇಲ್ಲದೆ ಅವಳು ಮನೆಗೆ ಬಂದಳು. ನಾನೂ ಜೊತೆಗೆ ಹೋದೆ. ಅತ್ತೆ ನನಗೆ ಕಾಫಿ ಕೊಟ್ಟರು. ಲೋಟ ಕುಕ್ಕಲಿಲ್ಲ.

ಕಾಫಿ ಕುಡಿಯುತ್ತಿದ್ದ ಹಾಗೆ ಬಂಟ್ವಾಳದಿಂದ ವೆಂಕಟೇಶ್ವರ ರಾಯರು ಬಂದರು. ಎರಡನೇ ಮಗಳ ಮದುವೆಯಂತೆ, ಏಪ್ರಿಲ್ ಇಪ್ಪತ್ತೇಳಕ್ಕೆ. ಐನೂರು ಜನ. "ಸಾರು, ಪಲ್ಯ ಎಂತ ಬೇಕಾದರೂ ಮಾಡಿ ಭಟ್ರೇ. ಹೋಳಿಗೆ ಮಾತ್ರ ಮೂಕಾಂಬಿಕಮ್ಮನದ್ದೇ ಆಗಬೇಕು."

ಭಟ್ಟರು ಎದ್ದು ಗೋಡೆಯ ಕ್ಯಾಲೆಂಡರಿನ ಎದುರು ನಿಂತರು. ಬೆರಳಿನಿಂದ ದಿನಗಳನ್ನು ಒಂದೊಂದಾಗಿ ದಾಟಿದರು.

"ಇಪ್ಪತ್ತೇಳಕ್ಕೆ ಆಗುವುದಿಲ್ಲ ರಾಯರೇ. ಆ ದಿನ ಅವಳು ಹೊರಗೆ ಇರ್ತಾಳೆ."

ರಾಯರು ಕೆಮ್ಮಿದರು, ಅಂಗಳ ನೋಡಿದರು, ಶಲ್ಯ ಸರಿಮಾಡಿಕೊಂಡರು. "ಅದಕ್ಕೆ... ಎಂತಾದರೂ... ಮಾಡ್ಲಿಕ್ಕೆ..."

"ಎಂತ ಮಾಡ್ಲಿಕ್ಕೂ ಇಲ್ಲ," ಎಂದರು ಭಟ್ಟರು. ದನಿ ರಸ್ತೆಗೆ ಕೇಳುವಷ್ಟು ಗಟ್ಟಿಯಾಗಿತ್ತು. "ನನ್ನ ಕೈಯ ಹೋಳಿಗೆ ಆಗುವುದಾದರೆ ಇಪ್ಪತ್ತೇಳಕ್ಕೆ ಬರ್ತೇನೆ. ಅವಳದ್ದೇ ಬೇಕಾದರೆ ಮುಹೂರ್ತ ನಾಲ್ಕು ದಿನ ಆಚೆ ಇಡಿಸಿ. ಪುರೋಹಿತರಿ‌ಗೂ ಹೋಳಿಗೆ ಬೇಡವಾ, ಕೇಳಿ ನೋಡಿ."

ಒಬ್ಬ ಗಂಡಸು ಜಗಲಿಯಲ್ಲಿ ನಿಂತು ಆ ಮಾತನ್ನು ನಾಚದೆ ಹೇಳಿದ್ದನ್ನು ನನ್ನ ಜನ್ಮದಲ್ಲೇ ಅದೇ ಮೊದಲು ಕೇಳಿದ್ದು. ರಾಯರು ಜೇಬಿನಿಂದ ಪಂಚಾಂಗ ತೆಗೆದು, ಕನ್ನಡಕ ಹಾಕಿಕೊಂಡರು.

ಒಳಗೆ ಹೊಸ್ತಿಲ ಬದಿಯಲ್ಲಿ ಮೂಕಾಂಬಿಕಾ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡು ಹತ್ತಿರ ಹೋದರೆ, ನಗುತ್ತಿದ್ದಳು.

"ಕೇಳಿದಿರಾ ಸರಸಕ್ಕ," ಎಂದಳು. "ನನ್ನ ದಿನ ಇವರಿಗೆ ನನಗಿಂತ ಚೆನ್ನಾಗಿ ನೆನಪುಂಟು."